ಮಾಸ್ತರಿಗೊಂದು ಕಾಗದ: ಸವಳು ಹೊಲ, ಎಳೆ ಜೋಳ, ಕಂದು ಹಲ್ಲು

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ "ಯಾವ ಔಷಧ ಹೊಡೀಬೇಕು ಸರ್?" ಅಂತಲೇ ಶುರುವಾಗಿವೆ. ಔಷಧದ ಹೆಸರು ನನ್ನನ್ನು ಕೇಳಬೇಡಿ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿ ರಿಟೈರ್ ಆದವನು. ನನಗೆ ಗೊತ್ತಿರುವುದು ಬೇರು, ಎಲೆ, ರಕ್ತ, ಹಲ್ಲು ಇಷ್ಟೇ. ಆದರೆ ಒಂದು ಮಾತು. ಬೇರು ಕಿತ್ತು ನೋಡದೆ ಡಬ್ಬಿ ತಂದು ಸುರಿದವರ ದುಡ್ಡು ಎಲ್ಲಿ ಹೋಯಿತು ಅನ್ನೋದನ್ನ ನಾನು ಬೇಕಾದಷ್ಟು ನೋಡಿದ್ದೇನೆ, ನನ್ನ ದುಡ್ಡೂ ಅದರಲ್ಲಿದೆ. ಅದನ್ನ ಮುಂದೆ ಹೇಳ್ತೀನಿ.

ಪ್ರಶ್ನೆ: ಗುರುಗಳಿಗೆ ನಮಸ್ಕಾರ. ನಮ್ಮದು ನಾಲ್ಕು ಎಕರೆ ಎರೆ ಹೊಲ, ಕಬ್ಬು. ತಗ್ಗಿನ ಕಡೆಯ ಎರಡು ಎಕರೆಯಲ್ಲಿ ಮೂರು ವರ್ಷದಿಂದ ನೆಲದ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ಕಬ್ಬಿನ ಎಲೆಯ ತುದಿ ಸುಟ್ಟ ಹಾಗೆ ಒಣಗುತ್ತದೆ. ನೀರು ಸಾಲದೇನೋ ಅಂತ ಇನ್ನಷ್ಟು ನೀರು ಬಿಟ್ಟೆ, ಯೂರಿಯಾ ಹಾಕಿದೆ. ಇನ್ನೂ ಜಾಸ್ತಿ ಒಣಗಿತು. ಒಂಬತ್ತನೇ ಕ್ಲಾಸಿನ ಮಗ "ಅಪ್ಪಾ, ಇದು ಅಭಿಸರಣೆ, ನಮ್ಮ ಪುಸ್ತಕದಲ್ಲಿದೆ" ಅಂತಾನೆ. ನೀರಲ್ಲೇ ನಿಂತ ಬೆಳೆ ನೀರಡಿಸಿ ಒಣಗುತ್ತದೆಯೇ?
— ಮುಧೋಳ ತಾಲ್ಲೂಕಿನ ರೈತರು

ಉತ್ತರ: ಒಣಗುತ್ತದೆ. ಮಗ ಹೇಳಿದ್ದು ಖರೆ, ಅವನ ಬೆನ್ನು ತಟ್ಟಿ.

ಮನೆಯಲ್ಲಿ ಉಪ್ಪಿನಕಾಯಿ ಹಾಕುವುದನ್ನು ನೋಡಿದ್ದೀರಲ್ಲ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಕಲಸಿ ರಾತ್ರಿ ಮುಚ್ಚಿಟ್ಟರೆ ಬೆಳಗ್ಗೆ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಹನಿ ನೀರು ಹಾಕಿರುವುದಿಲ್ಲ. ಹಾಗಾದರೆ ಎಲ್ಲಿಂದ ಬಂತು? ಕಾಯಿಯ ಒಳಗಿನಿಂದ. ಹೊರಗೆ ಉಪ್ಪು ಜಾಸ್ತಿ ಇದ್ದರೆ ಒಳಗಿನ ನೀರನ್ನು ಅದು ಎಳೆದುಕೊಳ್ಳುತ್ತದೆ. ಅಭಿಸರಣೆ ಅಂದರೆ ಇದೇ. ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ವಿಜಯಪುರದ ಮಣೂಕ, ಅಂದರೆ ಒಣದ್ರಾಕ್ಷಿ, ನಾಲ್ಕು ತಗೊಂಡು ಒಂದು ಬಟ್ಟಲು ಬರೀ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ಉಬ್ಬಿ ಹೆಚ್ಚು ಕಡಿಮೆ ದ್ರಾಕ್ಷಿಯೇ ಆಗಿರುತ್ತವೆ. ಅವುಗಳಲ್ಲಿ ಎರಡನ್ನು ತೆಗೆದು ಗಟ್ಟಿ ಉಪ್ಪು ನೀರಿಗೆ ಹಾಕಿ. ಸಂಜೆಗೆ ಮತ್ತೆ ಸುಕ್ಕು. ಬಟ್ಟಲಲ್ಲಿ ನೀರು ತುಂಬಿದೆ, ಮಣೂಕ ಮಾತ್ರ ಒಣಗಿದೆ. ನಿಮ್ಮ ಕಬ್ಬಿಗೆ ಆಗಿರುವುದು ಇದೇ.

ಬೇರಿನ ತುದಿಯ ಸಣ್ಣ ಕೂದಲುಗಳು ನೀರು ಕುಡಿಯುವುದು ಪಂಪ್ ಹಚ್ಚಿ ಅಲ್ಲ. ಬೇರಿನ ಒಳಗಿನ ರಸ ಮಣ್ಣಿನ ನೀರಿಗಿಂತ ಗಟ್ಟಿ ಇರುತ್ತದೆ, ಅದಕ್ಕೇ ನೀರು ತಾನಾಗಿ ಒಳಗೆ ಬರುತ್ತದೆ. ಮಣ್ಣಿನ ನೀರೇ ಉಪ್ಪಾಗಿ ಗಟ್ಟಿಯಾದರೆ ಆ ಲೆಕ್ಕ ತಲೆಕೆಳಗು. ನೀವು ಹಾಕಿದ ಯೂರಿಯಾ ಕೂಡ ನೀರಿನಲ್ಲಿ ಕರಗಿ ಆ ಗಟ್ಟಿತನಕ್ಕೇ ಸೇರಿತು. ಸಾಲದ್ದಕ್ಕೆ ಬೇರಿಗೂ ಉಸಿರಾಟ ಇದೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಜಾಗದಲ್ಲೆಲ್ಲ ನೀರು ತುಂಬಿಕೊಂಡರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಕೊಳೆತ ಬೇರಿಗೆ ಸಿಹಿನೀರು ಕೊಟ್ಟರೂ ಕುಡಿಯಲಾರದು.

ಈ ಉಪ್ಪು ಬಂದಿದ್ದು ಎಲ್ಲಿಂದ ಅಂತ ಕೇಳ್ತೀರಿ. ಚಿಮಣಿ ದೀಪ ನೆನಪಿದೆಯಾ? ಬತ್ತಿ ಕೆಳಗಿನ ಎಣ್ಣೆಯನ್ನು ಮೇಲಕ್ಕೆ ಏರಿಸುತ್ತದಲ್ಲ, ನಮ್ಮ ಎರೆ ಮಣ್ಣು ಅಂಥ ಬತ್ತಿ. ಕಾಲುವೆ ಬಂತು, ಬೋರು ಬಂತು, ಕಬ್ಬಿಗೆ ಹೊಲ ತುಂಬಾ ನೀರು ನಿಲ್ಲಿಸೋದು ರೂಢಿಯಾಯಿತು. ಎರೆ ಮಣ್ಣಲ್ಲಿ ನೀರು ಬೇಗ ಬಸಿಯುವುದಿಲ್ಲ. ವರ್ಷಾನುಗಟ್ಟಲೆ ಹೀಗೆ ಮಾಡಿದ ಮೇಲೆ ನೆಲದಡಿಯ ನೀರು ಮೇಲೆ ಮೇಲೆ ಬಂದು, ಬೇರಿನ ಹತ್ತಿರಕ್ಕೇ ನಿಂತು, ಅಲ್ಲಿಂದ ಬತ್ತಿಯ ಹಾಗೆ ಏರಿ ಬಿಸಿಲಿಗೆ ಆವಿಯಾಗುತ್ತದೆ. ನೀರು ಹೋಯಿತು, ಅದರಲ್ಲಿದ್ದ ಉಪ್ಪು ನಿಮ್ಮ ಹೊಲದಲ್ಲೇ ಉಳಿಯಿತು. ಮೇಲಿನ ಹೊಲದವರು ಬಿಟ್ಟ ನೀರು ಕೂಡ ತಗ್ಗಿನವರ ಹೊಲಕ್ಕೇ ಬಸಿದು ಬರುತ್ತದೆ. ಹಾಗಾಗಿ ಸವಳು-ಜವಳು, ಅಂದರೆ ಹೊಲ ಉಪ್ಪಾಗಿ ನೀರು ನಿಲ್ಲುವುದು, ಒಬ್ಬರ ತಪ್ಪಲ್ಲ, ಆದರೆ ನಷ್ಟ ಮಾತ್ರ ತಗ್ಗಿನವರದು.

ಈಗ ಏನು ಮಾಡಬೇಕು? ಮೊದಲು ಮಣ್ಣು ಪರೀಕ್ಷೆ. ಮೇಲಿನ ಬಿಳಿ ಪದರವನ್ನು ಬೇರೆ ಚೀಲಕ್ಕೆ, ಅರ್ಧ ಅಡಿ ಆಳದ ಮಣ್ಣು ಬೇರೆ, ಎರಡು ಅಡಿಯದು ಬೇರೆ. ವರದಿಯಲ್ಲಿ ಎರಡು ಅಂಕಿ ನೋಡಿ. ಇಸಿ, ಅಂದರೆ ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಅನ್ನುವ ಅಂಕಿ, 4ಕ್ಕಿಂತ ಮೇಲಿದ್ದರೆ ಅದು ಸವಳು, ಅಂದರೆ ಬರೀ ಉಪ್ಪು. ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8.5 ದಾಟಿದ್ದರೆ ಅದು ಕ್ಷಾರ, ಸೋಡಿಯಂ ಮಣ್ಣಿನ ಕಣಕ್ಕೆ ಅಂಟಿಕೊಂಡಿದೆ ಅಂತ ಅನುಮಾನ ಪಡಬೇಕು. ಜಿಪ್ಸಂ ಕೆಲಸ ಮಾಡುವುದು ಈ ಎರಡನೆಯದಕ್ಕೆ. ಬರೀ ಸವಳಿಗೆ ಜಿಪ್ಸಂ ಹಾಕಿದರೆ ಹೆಚ್ಚಿನ ಪ್ರಯೋಜನವಿಲ್ಲ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಅಣ್ಣನ ಜೊತೆ ಹಂಚಿಕೊಂಡ ನಮ್ಮ ಹೊಲಕ್ಕೆ ನಾನೇ ಒಂದು ವರ್ಷ ಪರೀಕ್ಷೆ ಮಾಡಿಸದೆ ಎರಡು ಟ್ರ್ಯಾಕ್ಟರ್ ಜಿಪ್ಸಂ ಹಾಕಿಸಿದ್ದೆ. ಅದೂ ಅಭಿಸರಣೆ ಪಾಠ ಮಾಡುತ್ತಿದ್ದ ಕಾಲದಲ್ಲಿ! ಅಣ್ಣ ಇವತ್ತಿಗೂ ಹಬ್ಬಕ್ಕೆ ಬಂದಾಗ ಆ ಮಾತು ತೆಗೆಯದೆ ಊಟಕ್ಕೆ ಕೂರುವುದಿಲ್ಲ.

ಸವಳಿಗೆ ನಿಜವಾದ ಮದ್ದು ಬಸಿಗಾಲುವೆ. ಉಪ್ಪು ಹೊರಗೆ ಹೋಗಲು ದಾರಿ ಬೇಕು. ಹೊಲದ ತಗ್ಗಿನ ಅಂಚಿಗೆ ಆಳವಾದ ಗಟಾರ ತೋಡಿಸಿ, ಇಲ್ಲವೇ ನೆಲದೊಳಗೆ ತೂತಿನ ಪೈಪ್ ಹಾಕಿಸಿ. ಖರ್ಚು ಇದೆ, ಸುಳ್ಳು ಹೇಳುವುದಿಲ್ಲ, ಮತ್ತು ಆ ನೀರು ಹರಿದು ಹೋಗಲು ಹಳ್ಳ ಬೇಕು, ಅಕ್ಕಪಕ್ಕದವರ ಒಪ್ಪಿಗೆಯೂ ಬೇಕು. ಆಮೇಲೆ ಮಳೆನೀರು ಅಥವಾ ಕಾಲುವೆಯ ಸಿಹಿನೀರು ನಿಲ್ಲಿಸಿದರೆ ಉಪ್ಪು ತೊಳೆದು ಹೋಗುತ್ತದೆ. ಬಸಿಯುವ ದಾರಿ ಇಲ್ಲದೆ ನೀರು ನಿಲ್ಲಿಸಿದರೆ ಮಾತ್ರ ಮೊದಲಿಗಿಂತ ಕೆಡುತ್ತದೆ, ನೀವೇ ನೋಡಿದ್ದೀರಿ. ಅಷ್ಟರವರೆಗೆ ಆ ಎರಡು ಎಕರೆಗೆ ಕಬ್ಬು ಬೇಡ. ಉಪ್ಪು ತಡೆಯುವುದರಲ್ಲಿ ಕಬ್ಬು ನಾಜೂಕು, ಹತ್ತಿ ಎಷ್ಟೋ ಗಟ್ಟಿ. ಹಸಿರೆಲೆ ಗೊಬ್ಬರದ ಗಿಡವಾದ ಡಯಂಚ ಬಿತ್ತಿ ಹೂವಾಡುವಾಗ ಮಣ್ಣಿಗೆ ಸೇರಿಸಿದರೆ ಮಣ್ಣು ಸಡಿಲಾಗುತ್ತದೆ. ಮೇಲಿನ ಎರಡು ಎಕರೆಗೆ ಈಗಲೇ ಹನಿ ನೀರಾವರಿ ಮಾಡಿಸಿ, ಇಲ್ಲದಿದ್ದರೆ ಬಿಳಿ ಹಿಟ್ಟು ಅಲ್ಲಿಗೂ ಬರುತ್ತದೆ.

ಪ್ರಶ್ನೆ: ಸರ್, ಜೋಳದ ಮೇವು ಕೊಯ್ದ ಮೇಲೆ ಕೂಳೆಯಲ್ಲಿ ಚಿಗುರು ಬಂದಿತ್ತು. ಮಳೆ ಇಲ್ಲದೆ ಬಾಡಿತ್ತು, ಒಂದು ಸಣ್ಣ ಮಳೆಗೆ ಮತ್ತೆ ಹಸಿರಾಯಿತು. ನಮ್ಮ ಹಾಲು ಕೊಡುವ ಆಕಳು ಹಗ್ಗ ಹರಿದುಕೊಂಡು ಹೋಗಿ ತಿಂದಿತು. ಅರ್ಧ ತಾಸಿನಲ್ಲಿ ನಡುಗಿ ಬಿದ್ದು ಸತ್ತಿತು. ಹಾವು ಕಚ್ಚಿದೆ ಅಂತ ಕೆಲವರು, ದೃಷ್ಟಿ ಅಂತ ಅತ್ತೆ. ಹುಟ್ಟಿದಾಗಿಂದ ಜೋಳದ ಕಣಕಿಯನ್ನೇ ತಿಂದು ಬೆಳೆದ ಆಕಳಿಗೆ ಜೋಳವೇ ವಿಷವಾಗುತ್ತದೆಯೇ?
— ಬಸವನ ಬಾಗೇವಾಡಿ ತಾಲ್ಲೂಕಿನ ಗೃಹಿಣಿ

ಉತ್ತರ: ಅಕ್ಕಾ, ಕಾಗದ ಓದಿ ಮನಸ್ಸು ಕೆಟ್ಟಿತು. ಹಾಲು ಕೊಡುವ ಆಕಳು ಹೋದರೆ ಮನೆಯ ಲೆಕ್ಕವೇ ತಪ್ಪುತ್ತದೆ.

ಹಾವೂ ಅಲ್ಲ, ದೃಷ್ಟಿಯೂ ಅಲ್ಲ. ನೀವು ಬರೆದ ರೀತಿ ನೋಡಿದರೆ ಇದು ಸಯನೈಡ್. ಹೌದು, ಪೊಲೀಸ್ ಸುದ್ದಿಯಲ್ಲಿ ಕೇಳ್ತೀವಲ್ಲ, ಅದೇ. ಎಳೆ ಜೋಳದ ಎಲೆಯಲ್ಲಿ ಧುರಿನ್ ಅಂತ ಒಂದು ವಸ್ತು ಇರುತ್ತದೆ. ಅದು ತಾನಾಗಿ ವಿಷವಲ್ಲ. ಅದನ್ನು ಒಡೆಯುವ ಕಿಣ್ವವೂ ಅದೇ ಎಲೆಯಲ್ಲಿರುತ್ತದೆ, ಆದರೆ ಬೇರೆ ಕೋಣೆಯಲ್ಲಿ. ಬೆಂಕಿಪೊಟ್ಟಣ ಒಂದು ಗೂಡಲ್ಲಿ, ಸೀಮೆಎಣ್ಣೆ ಇನ್ನೊಂದು ಗೂಡಲ್ಲಿ ಇಟ್ಟ ಹಾಗೆ. ದನ ಅಗಿದಾಗ ಜೀವಕೋಶಗಳು ಒಡೆದು ಎರಡೂ ಕೂಡುತ್ತವೆ, ಸಯನೈಡ್ ಹೊರಬೀಳುತ್ತದೆ. ದನ, ಆಡು, ಕುರಿಯ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಇನ್ನೂ ಚುರುಕು ಮಾಡುತ್ತವೆ. ಗಿಡ ಇದನ್ನು ಇಟ್ಟುಕೊಂಡಿರುವುದು ತನ್ನನ್ನು ತಿನ್ನಲು ಬಂದವರಿಗಾಗಿಯೇ. ಎಳೆಯದರಲ್ಲಿ ಜಾಸ್ತಿ, ಬಲಿತಂತೆ ಕಡಿಮೆ. ನೀರಿಲ್ಲದೆ ಬಾಡಿ ಮತ್ತೆ ಚಿಗುರಿದ್ದರಲ್ಲಂತೂ ತುಂಬಾ ಜಾಸ್ತಿ. ನಿಮ್ಮ ಕೂಳೆ ಚಿಗುರು ಎಳೆಯದೂ ಹೌದು, ಬಾಡಿ ಚಿಗುರಿದ್ದೂ ಹೌದು.

ಹತ್ತನೇ ಕ್ಲಾಸಿನಲ್ಲಿ ಮೈಟೊಕಾಂಡ್ರಿಯ ಅಂದರೆ ಜೀವಕೋಶದ ಶಕ್ತಿ ಕೇಂದ್ರ ಅಂತ ಬಾಯಿಪಾಠ ಮಾಡಿಸ್ತೀವಿ, ಒಂದು ಅಂಕದ ಪ್ರಶ್ನೆ. ಸಯನೈಡ್ ಹೋಗಿ ಕೂರುವುದು ಅಲ್ಲೇ. ರಕ್ತ ಆಮ್ಲಜನಕವನ್ನು ಬಾಗಿಲವರೆಗೆ ತಂದು ಕೊಡುತ್ತದೆ, ಒಳಗೆ ತೆಗೆದುಕೊಳ್ಳುವವರಿಲ್ಲ. ಅದಕ್ಕೇ ಆ ದನದ ರಕ್ತ ಕಪ್ಪಾಗುವುದಿಲ್ಲ, ಢಾಳಾಗಿ ಕೆಂಪಗೇ ಇರುತ್ತದೆ. ಕಣ್ಣಿನ ರೆಪ್ಪೆ ಮಗುಚಿ ನೋಡಿದರೆ, ಒಸಡು ನೋಡಿದರೆ ಗೊತ್ತಾಗುತ್ತದೆ. ಏದುಸಿರು, ನಡುಕ, ತೂರಾಡಿ ಬೀಳುವುದು, ಎಲ್ಲ ನಿಮಿಷಗಳ ಲೆಕ್ಕದಲ್ಲಿ. ಇದಕ್ಕೆ ಮದ್ದು ಇದೆ. ಪಶುವೈದ್ಯರು ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಅನ್ನು ರಕ್ತನಾಳಕ್ಕೆ ಕೊಡುತ್ತಾರೆ. ಮನೆಮದ್ದು ಮಾಡುತ್ತಾ ಕೂರಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಡಾಕ್ಟರಿಗೆ "ಎಳೆ ಜೋಳ ತಿಂದಿದೆ" ಅನ್ನೋ ಮಾತನ್ನು ಮೊದಲು ಹೇಳಿ, ಉಳಿದದ್ದು ಆಮೇಲೆ.

ಇನ್ನು ಮುಂದೆ ಜೋಳ ತೆನೆ ಹೊರಡುವವರೆಗೆ ಹಸಿ ಮೇವಾಗಿ ಕೊಡಬೇಡಿ. ಕೂಳೆ ಚಿಗುರಿನ ಹೊಲಕ್ಕೆ ದನ ಬಿಡಲೇಬೇಡಿ, ಹಸಿದ ದನವನ್ನಂತೂ ಬೇಡವೇ ಬೇಡ. ಚೆನ್ನಾಗಿ ಒಣಗಿದ ಕಣಕಿಗೆ ಭಯ ಬೇಡ, ಬಿಸಿಲಲ್ಲಿ ಒಣಗುವಾಗ ವಿಷದ ಬಹುಪಾಲು ಹಾರಿ ಹೋಗುತ್ತದೆ. ರೊಟ್ಟಿಗೂ ಭಯ ಬೇಡ, ಬಲಿತ ಕಾಳಿನಲ್ಲಿ ಈ ಕಾಟ ಇಲ್ಲ. ಆದರೆ ಈಗ ಎಲ್ಲದರ ಮೊಳಕೆ ತಿನ್ನೋ ಹುಚ್ಚು ಹತ್ತಿದೆಯಲ್ಲ, ಅವರಿಗೊಂದು ಮಾತು: ಹೆಸರು, ಮಡಕಿ ಕಾಳು ಮೊಳಕೆ ಬರಿಸಿ ಬೇಕಾದಷ್ಟು ತಿನ್ನಿ, ಜೋಳದ ಹಸಿ ಮೊಳಕೆ ಬೇಡ. ಮೊಳಕೆಯಲ್ಲೂ ಇದೇ ಧುರಿನ್ ಇರುತ್ತದೆ.

ಪ್ರಶ್ನೆ: ದೊಡ್ಡ ಮಗನಿಗೆ ಹತ್ತು ವರ್ಷ. ಮುಂದಿನ ಹಲ್ಲಿನ ಮೇಲೆ ಕಂದು ಗೆರೆ ಇದೆ. ಇದ್ದಿಲು, ಉಪ್ಪು, ಎರಡು ಥರದ ಪೇಸ್ಟ್ ಎಲ್ಲ ಹಾಕಿ ತಿಕ್ಕಿಸಿದೆ, ಹೋಗುವುದಿಲ್ಲ. ಶಾಲೆಯಲ್ಲಿ ಚೇಷ್ಟೆ ಮಾಡ್ತಾರೆ ಅಂತ ನಗುವುದನ್ನೇ ಬಿಟ್ಟಿದ್ದಾನೆ. ನಾವು ಕುಡಿಯೋದು ಬೋರ್‌ವೆಲ್ ನೀರು, ಕಾಯಿಸಿಯೇ ಕುಡೀತೀವಿ. ಚಿಕ್ಕವಳಿಗೆ ಮೂರು ವರ್ಷ.
— ಬಾಗಲಕೋಟೆ ಜಿಲ್ಲೆಯ ತಾಯಿ

ಉತ್ತರ: ತಂಗಿ, ಮಗನನ್ನು ಬೈಯಬೇಡಿ, ತಿಕ್ಕಿಸುವುದನ್ನು ಇವತ್ತೇ ನಿಲ್ಲಿಸಿ. ಇದ್ದಿಲಿಗೆ ಸವೆಯುವುದು ಕಲೆಯಲ್ಲ, ಹಲ್ಲು. ಇದು ನೀರಿನಲ್ಲಿ ಕರಗಿರುವ ಫ್ಲೋರೈಡ್ ಅನ್ನೋ ಲವಣದ ಕಲೆ ಇರಬಹುದು, ಕೊಳೆಯಲ್ಲ. ಹಲ್ಲು ಒಸಡಿನ ಒಳಗೆ ತಯಾರಾಗುವ ಕಾಲದಲ್ಲೇ ಅದರ ಗಟ್ಟಿ ಹೊರಪದರವಾದ ಎನಾಮಲ್‌ನೊಳಗೆ ಸೇರಿಕೊಂಡಿರುತ್ತದೆ. ಸೀರೆಯಲ್ಲಿ ನೇಯುವಾಗಲೇ ಬಂದ ಎಳೆಯ ಬಣ್ಣ ಒಗೆದರೆ ಹೋಗುತ್ತದೆಯೇ? ಹಾಗೆ. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಹೊರಗೆ ಬರುವಷ್ಟರಲ್ಲಿ ಇಲ್ಲವಾಗಿರುತ್ತವೆ, ಹಾಗಾಗಿ ದೇಹ ತಾನಾಗಿ ಅದನ್ನು ರಿಪೇರಿ ಮಾಡಲಾರದು. ದೊಡ್ಡವನಾದ ಮೇಲೆ ದಂತವೈದ್ಯರು ಮೇಲ್ಪದರ ಹಚ್ಚಿ ಮರೆಮಾಡಬಲ್ಲರು.

ನನ್ನ ಕಣ್ಣಿರುವುದು ಆ ಮೂರು ವರ್ಷದವಳ ಮೇಲೆ. ಅವಳ ಶಾಶ್ವತ ಹಲ್ಲು ಈಗ ಒಸಡಿನೊಳಗೆ ತಯಾರಾಗುತ್ತಿವೆ, ಎಂಟು ವರ್ಷದವರೆಗಿನ ಕಾಲ ಮುಖ್ಯ. ನೀರು ಇವತ್ತು ಬದಲಾಯಿಸಿದರೆ ಅವಳ ಹಲ್ಲು ಬಹುಮಟ್ಟಿಗೆ ಉಳಿಯುತ್ತದೆ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾಗಿ ಅದು ಅಲ್ಲೇ ಉಳಿಯುವುದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ. ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಕೇಳಿ, ಇಲ್ಲವೇ ಜಿಲ್ಲೆಯ ನೀರಿನ ಲ್ಯಾಬಿಗೆ ಬಾಟಲಿ ಕಳಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಅದಕ್ಕಿಂತ ಜಾಸ್ತಿ ಇದ್ದರೆ ಕುಡಿಯಲು, ಅಡುಗೆಗೆ ನದಿ ನೀರಿನ ನಲ್ಲಿಯದು, ಮಳೆನೀರು ಅಥವಾ ಆರ್‌ಒ ಘಟಕದ ನೀರು ತನ್ನಿ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರೇ ಆಗುತ್ತದೆ. ಚಿಕ್ಕವಳಿಗೆ ಹಾಲು, ಮಜ್ಜಿಗೆ ತಪ್ಪಿಸಬೇಡಿ, ಸುಣ್ಣದಂಶ ಹೊಟ್ಟೆಯಲ್ಲಿದ್ದರೆ ಫ್ಲೋರೈಡ್ ಮೈಗೆ ಹತ್ತುವುದು ಕಡಿಮೆ.

ಪ್ರಶ್ನೆ: ನನ್ನ ಹಿಮೋಗ್ಲೋಬಿನ್ 9.2. ಜೋಳದ ರೊಟ್ಟಿ, ಪುಂಡಿ ಪಲ್ಯ ದಿನಾ ತಿಂತೀನಿ. ಬೆಲ್ಲ, ಬೀಟ್‌ರೂಟ್ ಕೂಡ. ಊಟ ಆದ ಕೂಡಲೇ ಒಂದು ಕಪ್ ಚಹಾ ಬೇಕೇ ಬೇಕು, ಅದೊಂದೇ ಚಟ. ರಕ್ತ ಯಾಕೆ ಏರುತ್ತಿಲ್ಲ?
— ಬೆಳಗಾವಿಯ ಹಾಸ್ಟೆಲ್ ವಿದ್ಯಾರ್ಥಿನಿ

ಉತ್ತರ: ಅದೊಂದೇ ಚಟ ಸಾಕಲ್ಲ ತಂಗಿ. ಚಹಾದ ಒಗರು ಕಾಳು-ಸೊಪ್ಪಿನ ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದು ಕಟ್ಟಿಹಾಕುತ್ತದೆ, ತಿಂದದ್ದರಲ್ಲಿ ಬಹಳಷ್ಟು ಹಾಗೇ ಹೊರಗೆ ಹೋಗುತ್ತದೆ. ಊಟಕ್ಕೂ ಚಹಾಕ್ಕೂ ಒಂದೂವರೆ ತಾಸು ಅಂತರ ಇಡಿ. ಊಟದ ಜೊತೆ ನಿಂಬೆ ಹಿಂಡಿಕೊಳ್ಳಿ, ಸಿ ಜೀವಸತ್ವ ಕಬ್ಬಿಣವನ್ನು ಒಳಗೆ ಎಳೆಯುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆಗೆ ಜಿಐ, ಅಂದರೆ ಊರಿನ ಹೆಸರಿನ ಮಾನ್ಯತೆ ಸಿಕ್ಕಿದೆ, ನಮ್ಮ ತಟ್ಟೆಯಲ್ಲಿ ಮಾತ್ರ ಜಾಗ ಸಿಕ್ಕಿಲ್ಲ! ಬೇಯುವಾಗ ಹಾಕಬೇಡಿ, ಇಳಿಸಿದ ಮೇಲೆ ಹಿಂಡಿ. ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತವಾಗುವುದಿಲ್ಲ, ಅದು ಬರೀ ಬಣ್ಣ. ಬೆಲ್ಲ ತಿನ್ನಿ, ರುಚಿಗೆ. ಗುರೆಳ್ಳು ಚಟ್ನಿ ಅದಕ್ಕಿಂತ ಎಷ್ಟೋ ಮೇಲು.

ಆದರೆ 9.2ನ್ನು ಬರೀ ಊಟದಿಂದ 12ಕ್ಕೆ ಏರಿಸುತ್ತೇನೆ ಅಂತ ಹೊರಡಬೇಡಿ. ಡಾಕ್ಟರಿಗೆ ತೋರಿಸಿ. ಮುಟ್ಟಿನ ಸ್ರಾವ ಜಾಸ್ತಿ ಇದ್ದರೆ ನಾಚಿಕೊಳ್ಳದೆ ಹೇಳಿ. ಜಂತುಹುಳದ ಗುಳಿಗೆ ಯಾವಾಗ ತಗೊಂಡಿದ್ದು ಅಂತಲೂ ಕೇಳುತ್ತಾರೆ. ಕೊಕ್ಕೆಹುಳು ಬರಿಗಾಲಿನ ಚರ್ಮದಿಂದಲೇ ಒಳಗೆ ಬಂದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹುಳು ಹೋಗದೆ ಕಬ್ಬಿಣ ತುಂಬುವುದು ತೂತು ಕೊಡಕ್ಕೆ ನೀರು ಹಾಕಿದ ಹಾಗೆ.

ಪ್ರಶ್ನೆ: ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಹೋಗಿದ್ದೆ. ಹಣ್ಣನ್ನು ಯಾವುದೋ ಎಣ್ಣೆ ನೀರಲ್ಲಿ ಅದ್ದುತ್ತಿದ್ದರು. ಮಣೂಕಕ್ಕೆ ವಿಷ ಹಾಕ್ತಾರಾ?
— ವಿಜಯಪುರದಿಂದ

ಉತ್ತರ: ವಿಷ ಅಲ್ಲ. ದ್ರಾಕ್ಷಿಯ ಸಿಪ್ಪೆ ಮೇಲೆ ಬೂದಿಯ ಹಾಗೆ ಬೆಳ್ಳಗೆ ಇರುತ್ತದಲ್ಲ, ಅದು ಮೇಣ. ನೀರು ಹೊರಗೆ ಹೋಗದ ಹಾಗೆ ಹಣ್ಣು ಹೊದ್ದುಕೊಂಡ ರೇನ್‌ಕೋಟ್. ಈ ಎಣ್ಣೆ, ಅಂದರೆ ಈಥೈಲ್ ಓಲಿಯೇಟ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್, ಆ ಮೇಣದ ಪದರವನ್ನು ಸಡಿಲ ಮಾಡುತ್ತದೆ. ಆಗ ನೆರಳಲ್ಲೇ ಎರಡು ವಾರದಷ್ಟರಲ್ಲಿ ಹಣ್ಣು ಒಣಗುತ್ತದೆ. ಕೆಲವರು ಬಣ್ಣ ಹಳದಿಯಾಗಿ ನಿಲ್ಲಲಿ ಅಂತ ಗಂಧಕದ ಹೊಗೆ ಕೊಡುತ್ತಾರೆ. ಉಬ್ಬಸ ಇರುವವರು ಅಂಥದ್ದನ್ನು ಬಿಟ್ಟು ಕಂದು ಬಣ್ಣದ್ದನ್ನು ಕೇಳಿ ತಗೊಳ್ಳಿ. ಹೇಗೂ ತೊಳೆದು ತಿನ್ನಿ, ಧೂಳು ಇರುತ್ತೆ.

ಪ್ರಶ್ನೆ: ಸರ್, ನಾನು ಎಂಟನೇ ಕ್ಲಾಸ್. ನಮ್ಮ ಶೇಂಗಾ ಗಿಡ ಕಿತ್ತಾಗ ಬೇರಿನ ತುಂಬಾ ಸಣ್ಣ ಗಂಟು ಇದ್ದವು. ನಾನು ರೈಜೋಬಿಯಂ ಬ್ಯಾಕ್ಟೀರಿಯಾ ಕಟ್ಟಿದ ಗಂಟು ಅಂದೆ. ಅಪ್ಪ "ದಾಳಿಂಬೆಗೆ ಬಂದ ಗಂಟು ರೋಗವೇ ಇದು, ಔಷಧ ಹಾಕಬೇಕು" ಅಂದರು. ಯಾರು ಸರಿ?
— ಇಂಡಿ ತಾಲ್ಲೂಕಿನ ಹುಡುಗ

ಉತ್ತರ: ತಮ್ಮಾ, ಅಪ್ಪನ ಅನುಮಾನ ಸುಮ್ನೆ ಬಂದದ್ದಲ್ಲ. ದಾಳಿಂಬೆ ಬೇರಿನ ಗಂಟು ಮಾಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು. ಅದು ತೋಟವನ್ನೇ ಸೊರಗಿಸುತ್ತದೆ. ಶೇಂಗಾಕ್ಕೂ ಅಂಥ ಹುಳು ಬರಬಹುದು. ಹಾಗಾಗಿ ವಾದ ಬೇಡ, ಪರೀಕ್ಷೆ ಮಾಡಿ.

ಗಿಡವನ್ನು ಎಳೆದು ಕೀಳಬೇಡ, ಗಂಟು ಮಣ್ಣಲ್ಲೇ ಉದುರುತ್ತವೆ. ಹೂವಾಡುವ ಹೊತ್ತಿನ ಒಂದು ಗಿಡದ ಸುತ್ತ ಕುರ್ಚಿಗೆಯಿಂದ ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್ ನೀರಲ್ಲಿ ಅದ್ದಿ ತೊಳೆ. ಈಗ ಗಂಟನ್ನು ಬೆರಳಿನಿಂದ ಮೆಲ್ಲಗೆ ನೂಕು. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಮಣಿ ಪೋಣಿಸಿದ ಹಾಗೆ ಅಂಟಿರುತ್ತದೆ, ನೂಕಿದರೆ ಕಳಚಿ ಬರುತ್ತದೆ, ಬೇರು ಹಾಗೇ ಉಳಿಯುತ್ತದೆ. ಜಂತುಹುಳದ ಗಂಟು ಕಳಚುವುದಿಲ್ಲ, ಯಾಕಂದರೆ ಬೇರೇ ಊದಿಕೊಂಡಿರುತ್ತದೆ. ಇನ್ನು ಕಳಚಿದ ಗಂಟನ್ನು ಉಗುರಿನಿಂದ ಸೀಳು. ಒಳಗೆ ರಕ್ತದ ಹಾಗೆ ಕೆಂಪು ಅಥವಾ ಗುಲಾಬಿ ಕಂಡರೆ ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧು. ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುವ ಕೆಲಸ ನಡೆದಿದೆ ಅಂತ ಅರ್ಥ. ಹಸಿರು, ಕಂದು ಆಗಿದ್ದರೆ ವಯಸ್ಸಾಗಿದೆ, ಕೆಲಸ ಮುಗಿದಿದೆ. ಬೆಳ್ಳಗೆ ಸಪ್ಪೆಯಾಗಿದ್ದರೆ ಇನ್ನೂ ಎಳೆಯದು, ಇಲ್ಲವೇ ಒಳಗಿರುವ ಬ್ಯಾಕ್ಟೀರಿಯಾ ಮೈಗಳ್ಳ ಜಾತಿಯದು. ಆಗ ಮುಂದಿನ ಸಲ ಬಿತ್ತುವ ಮುಂಚೆ ಬೀಜಕ್ಕೆ ಬೆಲ್ಲದ ಅಂಟು ನೀರಿನಲ್ಲಿ ಒಳ್ಳೆಯ ರೈಜೋಬಿಯಂ ಪುಡಿ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತಬೇಕು. ಶೇಂಗಾಕ್ಕೆ ಯೂರಿಯಾ ಜಾಸ್ತಿ ಹಾಕಿದರೂ ಗಂಟು ಕಡಿಮೆಯಾಗುತ್ತವೆ. ಪುಕ್ಕಟೆ ಊಟ ಸಿಗುವಾಗ ಗಿಡ ಯಾಕೆ ಬ್ಯಾಕ್ಟೀರಿಯಾ ಸಾಕುತ್ತದೆ ಹೇಳು?

ಹೊಲದ ನಾಲ್ಕು ಮೂಲೆಯಿಂದ ಒಂದೊಂದು, ನಡುವಿನಿಂದ ಒಂದು, ಹೀಗೆ ಐದು ಗಿಡ ಅಗೆದು ನೋಡು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೀಳು. ಐದರಲ್ಲಿ ಎಷ್ಟು ಗಿಡದ ಗಂಟು ಕೆಂಪಗಿತ್ತು ಅಂತ ಒಂದು ಕಾರ್ಡು ಬರಿ.